ಹಾಳೂರಿನ ನೆಲ ಓದುವುದು ಹೇಗೆ? ವಾರಂ ಪರ್ಸಿ ಮತ್ತು ಇಂಗ್ಲೆಂಡಿನ ಬರಿದಾದ ಹಳ್ಳಿಗಳು

ನಕಾಶೆಮನೆ

ಉತ್ತರ ಯಾರ್ಕ್‌ಷೈರಿನ ವಾರಂ ಪರ್ಸಿಯ ಲೈಡಾರ್ ಚಿತ್ರ (ವಿಮಾನದಿಂದ ಲೇಸರ್ ಹಾಯಿಸಿ ನೆಲದ ಏರುತಗ್ಗು ಅಳೆದದ್ದು) ತೆರೆದರೆ ದಿಬ್ಬದ ಮೇಲೆ ಸಾಲುಸಾಲಾಗಿ ಆಯತಗಳು, ನಡುನಡುವೆ ತಗ್ಗು ಗೆರೆಗಳು, ಕೆಳಗೆ ತೊರೆಯ ಬದಿಗೆ ಪಾಳು ಚರ್ಚು ಕಾಣುತ್ತವೆ. ಇದನ್ನೇ ಮಧ್ಯಯುಗದ ಹಳ್ಳಿಯ ನಕ್ಷೆ ಅಂತ ತೋರಿಸುತ್ತಾರೆ. ಆದರೆ ಈ ಏರುತಗ್ಗುಗಳಲ್ಲಿ ಮನೆ ಯಾವುದು, ಹಿತ್ತಲು ಯಾವುದು, ದಾರಿ ಯಾವುದು ಅಂತ ಬೇರ್ಪಡಿಸುವುದು ಹೇಗೆ? ಊರು ಯಾವ ಕಾಲಕ್ಕೆ ಬರಿದಾಯಿತು ಅನ್ನುವುದು ನೆಲ ನೋಡಿದರೇ ತಿಳಿಯುತ್ತದೆಯೇ? ಪ್ಲೇಗು ಬಂದು ಊರು ಖಾಲಿಯಾಯಿತು ಅನ್ನುವ ಮಾತಿಗೆ ನೆಲದಲ್ಲಿ ಗುರುತು ಏನಾದರೂ ಇದೆಯೇ? ಬಲ್ಲವರು ಬಿಡಿಸಿ ಹೇಳಬೇಕು.

ತಗ್ಗುದಾರಿ

ಮೊದಲು ದಾರಿ ಹುಡುಕಿ. ಮನೆ ಹುಡುಕಲು ಹೊರಟವರು ಕಂಡ ಉಬ್ಬನ್ನೆಲ್ಲ ಮನೆ ಅಂದುಬಿಡುತ್ತಾರೆ. ನೂರಾರು ವರ್ಷ ಗಾಡಿ, ದನ, ಮಳೆನೀರು ಹರಿದ ದಾರಿ ಸುತ್ತಲ ನೆಲಕ್ಕಿಂತ ಅರ್ಧ ಮೀಟರಿನಿಂದ ಎರಡು ಮೀಟರಿನಷ್ಟು ತಗ್ಗಿಗೆ ಇಳಿದಿರುತ್ತದೆ. ಹಾಳೂರಿನಲ್ಲಿ ಕಣ್ಣಿಗೆ ಬೇಗ ಸಿಗುವುದು ಅದೇ. ಊರಿನ ಉಳಿದ ಭಾಗವೆಲ್ಲ ಅದಕ್ಕೆ ಅಂಟಿಕೊಂಡಿರುತ್ತದೆ.

ದಾರಿಯ ಪಕ್ಕದಲ್ಲಿ ಗಿಡ್ಡ ಬದುಗಳಿಂದ ಸುತ್ತುವರಿದ ಆಯತ ಕಂಡರೆ ಅದು ಟಾಫ್ಟ್, ಅಂದರೆ ಮನೆ ಮತ್ತು ಅಂಗಳದ ನಿವೇಶನ. ಅದರ ಹಿಂದೆ ಉದ್ದಕ್ಕೆ ಚಾಚಿದ ಪಟ್ಟಿ ಕ್ರಾಫ್ಟ್, ಹಿತ್ತಲ ಹೊಲ. ಕ್ರಾಫ್ಟುಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಇನ್ನೊಂದು ಹಿಂದಿನ ಓಣಿ ಇರುತ್ತದೆ, ಅದರಾಚೆ ಊರ ಹೊಲ. ಈ ಕ್ರಮ ಒಮ್ಮೆ ಕೂತುಬಿಟ್ಟರೆ ಮನೆ ಎಲ್ಲಿರಬೇಕು ಅನ್ನುವುದು ತಾನೇ ತಿಳಿಯುತ್ತದೆ. ಟಾಫ್ಟಿನೊಳಗೆ, ಹೆಚ್ಚಾಗಿ ದಾರಿಗೆ ಹತ್ತಿರದಲ್ಲಿ, ಸಮತಟ್ಟು ಮಾಡಿದ ಕಟ್ಟೆಯಂಥ ಜಾಗ ನೋಡಿ. 4.5ರಿಂದ 5 ಮೀಟರ್ ಅಗಲ, 10ರಿಂದ 15 ಮೀಟರ್ ಉದ್ದ ಇದ್ದು, ಎರಡೂ ಉದ್ದ ಬದಿಗಳ ನಡುಭಾಗದಲ್ಲಿ ಎದುರುಬದುರು ಸಣ್ಣ ತಗ್ಗು ಇದ್ದರೆ ಅದು ಮನೆಯೇ ಇರುವ ಸಾಧ್ಯತೆ ಹೆಚ್ಚು. ಆ ತಗ್ಗುಗಳು ಬಾಗಿಲಿನ ಜಾಗ. ಉದ್ದಮನೆಗಳಲ್ಲಿ ಈ ಎದುರುಬದುರು ಬಾಗಿಲುಗಳ ಒಂದು ಕಡೆ ಜನ, ಇನ್ನೊಂದು ಕಡೆ ದನ. ಕೊಟ್ಟಿಗೆ ಯಾವಾಗಲೂ ಇಳಿಜಾರಿನ ಕೆಳತುದಿಗೆ ಇರುತ್ತದೆ, ಗಂಜಲ ಹೊರಗೆ ಹರಿಯಬೇಕಲ್ಲ.

ಬರೀ ಕಟ್ಟೆ ಕಂಡ ಮಾತ್ರಕ್ಕೆ ಮನೆ ಅನ್ನಬಾರದು. ಕಣಜ, ಬಣವೆ ಕಟ್ಟೆ, ಕುರಿದೊಡ್ಡಿ, ಪಾರಿವಾಳದ ಗೂಡುಮನೆ ಎಲ್ಲವೂ ಕಟ್ಟೆಯನ್ನೇ ಬಿಟ್ಟುಹೋಗುತ್ತವೆ.

ಸುಣ್ಣದಕಲ್ಲು

ತಗ್ಗುದಾರಿ ಅವರು ಹೇಳಿದ ಕ್ರಮ ಸರಿ. ಆದರೆ ಅದು ಊರಿನ ಕೊನೆಗಾಲದ ರೂಪ ಅನ್ನುವುದನ್ನು ಒತ್ತಿ ಹೇಳಬೇಕು. ಮೇಲೆ ಕಾಣುವ ಬದು ಊರಿನ ಕೊನೆಯ ತಲೆಮಾರು ಬಿಟ್ಟುಹೋದ ಬದು. ಅದರ ಕೆಳಗೆ ಏನಿದೆ ಅಂತ ಹುಲ್ಲು ಹೇಳುವುದಿಲ್ಲ.

ವಾರಂ ಪರ್ಸಿಯಲ್ಲೇ ಇದು ಚೆನ್ನಾಗಿ ಗೊತ್ತಾಯಿತು. ಮಾರಿಸ್ ಬೆರೆಸ್‌ಫರ್ಡ್ ಆರ್ಥಿಕ ಇತಿಹಾಸಕಾರ. 1950ರಲ್ಲಿ ಅಗೆತ ಶುರುಮಾಡಿದಾಗ ಅವರಿಗೆ ಬೇಕಿದ್ದುದು ಈ ಉಬ್ಬುಗಳು ನಿಜಕ್ಕೂ ಮನೆಗಳೇ, ಯಾವ ಕಾಲದವು ಅನ್ನುವ ಉತ್ತರ. ಗೋಡೆಯ ಬೆನ್ನುಹತ್ತಿ ಕಿರಿದಾದ ಗುಂಡಿ ತೋಡುತ್ತ ಹೋದರು. ಪುರಾತತ್ವಜ್ಞ ಜಾನ್ ಹರ್ಸ್ಟ್ ಸೇರಿಕೊಂಡ ಮೇಲೆ ವಿಧಾನವೇ ಬದಲಾಯಿತು. ಡೆನ್ಮಾರ್ಕಿನಲ್ಲಿ ಆಕ್ಸೆಲ್ ಸ್ಟೀನ್ಸ್‌ಬರ್ಗ್ ಬಳಸುತ್ತಿದ್ದ ರೀತಿಯಲ್ಲಿ ಇಡೀ ಮನೆ, ಅಂಗಳದ ಮೇಲ್ಪದರವನ್ನೇ ಒಟ್ಟಿಗೆ ತೆರೆದು, ಒಂದೊಂದೇ ಪದರವಾಗಿ ಕೆಳಗಿಳಿದರು. ಹಾಗೆ ತೆರೆದ ಒಂದು ರೈತಮನೆಯ ಕೆಳಗೆ 12ನೇ ಶತಮಾನದ ಜಮೀನ್ದಾರಿ ವಾಡೆಯ ನೆಲಮಾಳಿಗೆ ಸಿಕ್ಕಿತು! ಮೇಲಿನ ಏರುತಗ್ಗಿನಲ್ಲಿ ಅದರ ಸುಳಿವೇ ಇರಲಿಲ್ಲ. ವಾಡೆ ಬೇರೆ ಕಡೆ ಹೋದ ಮೇಲೆ ಅದೇ ನೆಲವನ್ನು ರೈತರಿಗೆ ನಿವೇಶನವಾಗಿ ಹಂಚಿದ್ದರು.

ಇನ್ನೂ ಕೆಳಗೆ ಕಬ್ಬಿಣಯುಗದ, ರೋಮನರ ಕಾಲದ ಒಕ್ಕಲುಗಳ ಕಂದಕಗಳಿವೆ. ಮಧ್ಯಯುಗದ ಕೆಲವು ಗಡಿಗಳು ಆ ಹಳೆಯ ಗೆರೆಗಳನ್ನೇ ಹಿಡಿದು ಬಂದಿವೆ. ಹೀಗಾಗಿ ಒಂದು ಬದುವಿಗೆ ಒಂದೇ ಕಾಲ ಹಚ್ಚುವುದು ಅಪಾಯ.

ನಕಾಶೆಮನೆ

ಅಂದರೆ ಲೈಡಾರಿನಿಂದ ಹೆಚ್ಚು ಪ್ರಯೋಜನ ಇಲ್ಲವೇ? ಇಂಗ್ಲೆಂಡಿನ ಪರಿಸರ ಇಲಾಖೆಯ ದತ್ತಾಂಶ ಪುಕ್ಕಟೆ ಸಿಗುತ್ತದೆ ಅಂತ ಕೇಳಿದ್ದೆ. ಅದನ್ನು ಬಳಸುವ ಸರಿಯಾದ ಕ್ರಮ ಹೇಳಿ.

ನೆರಳುಬೆಳಕು

ಪ್ರಯೋಜನ ಖಂಡಿತ ಇದೆ, ಆದರೆ ಪೂರ್ವನಿಗದಿ ಹಿಲ್‌ಶೇಡ್ ಚಿತ್ರ (ಒಂದು ಕಡೆಯಿಂದ ಬೆಳಕು ಬಿದ್ದಂತೆ ನೆರಳು ಬಿಡಿಸಿದ್ದು) ಒಂದನ್ನೇ ನೋಡಿ ಮುಗಿಸಬಾರದು. ಎನ್ವಿರಾನ್ಮೆಂಟ್ ಏಜೆನ್ಸಿಯ 1 ಮೀಟರ್ ದತ್ತಾಂಶ ಇಳಿಸಿಕೊಳ್ಳುವಾಗ ಬರಿನೆಲದ ಮಾದರಿ, ಅಂದರೆ ಡಿಟಿಎಂ, ಆರಿಸಿ. ಮರ ಕಟ್ಟಡ ಇರುವ ಡಿಎಸ್‌ಎಂ ಕೂಡ ಪಕ್ಕದಲ್ಲಿ ಇರಲಿ. ಡಿಟಿಎಂ ತಯಾರಿಸುವ ಸೋಸುವಿಕೆ ಕೆಲವೊಮ್ಮೆ ಪಾಳುಗೋಡೆಯನ್ನೂ ಪೊದೆ ಅಂದುಕೊಂಡು ಅಳಿಸಿಬಿಡುತ್ತದೆ, ಅದು ಡಿಎಸ್‌ಎಂನಲ್ಲಿ ಉಳಿದಿರುತ್ತದೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದಾಗ ನಿರ್ದೇಶಾಂಕ ಪದ್ಧತಿ ಬ್ರಿಟಿಷ್ ನ್ಯಾಷನಲ್ ಗ್ರಿಡ್ (27700) ಇದೆಯೇ ಅಂತ ಮೊದಲು ನೋಡಿ.

ಹಿಲ್‌ಶೇಡಿನ ಪೂರ್ವನಿಗದಿ ಬೆಳಕು ವಾಯವ್ಯದಿಂದ, 315 ಡಿಗ್ರಿ, ಎತ್ತರ 45 ಡಿಗ್ರಿ. ಬೆಟ್ಟಗಳಿಗೆ ಅದು ಸಾಕು. 30 ಸೆಂಟಿಮೀಟರ್ ಎತ್ತರದ ಬದುವಿಗೆ ಸಾಲದು. ಎತ್ತರವನ್ನು 15-20 ಡಿಗ್ರಿಗೆ ಇಳಿಸಿ, ಲಂಬ ಹಿಗ್ಗುವಿಕೆ 2 ಅಥವಾ 3 ಇಡಿ. ಬೆಳಕು ಬೀಳುವ ದಿಕ್ಕಿಗೆ ಸಮಾನಾಂತರವಾಗಿ ಓಡುವ ಬದು ನೆರಳೇ ಕೊಡುವುದಿಲ್ಲ, ಇದ್ದೂ ಮಾಯವಾಗುತ್ತದೆ. ಅದಕ್ಕೇ 315 ಆದ ಮೇಲೆ 45 ಡಿಗ್ರಿಯಲ್ಲಿ ಇನ್ನೊಂದು ಚಿತ್ರ ಬೇಕೇ ಬೇಕು. ದಕ್ಷಿಣದಿಂದ ಬೆಳಕು ಹಾಕಬೇಡಿ, ಉಬ್ಬು ತಗ್ಗಾಗಿ ತಗ್ಗು ಉಬ್ಬಾಗಿ ಕಂಡು ಕಣ್ಣು ಮೋಸಹೋಗುತ್ತದೆ.

ಇದಕ್ಕಿಂತ ನಂಬಿಕಸ್ಥ ದಾರಿ ಎರಡಿವೆ. ಒಂದು, ಪ್ರತಿ ಬಿಂದುವಿಗೆ ಆಕಾಶ ಎಷ್ಟು ತೆರೆದಿದೆ ಅಂತ ಲೆಕ್ಕಹಾಕುವ ಸ್ಕೈ ವ್ಯೂ ಫ್ಯಾಕ್ಟರ್. 16 ದಿಕ್ಕು, 10 ಪಿಕ್ಸೆಲ್ ತ್ರಿಜ್ಯ ಸಾಕು. ಬೆಳಕಿನ ದಿಕ್ಕಿನ ಹಂಗಿಲ್ಲ, ತಗ್ಗುದಾರಿ ಕಂದಕ ಕಪ್ಪಾಗಿ ಎದ್ದು ಕಾಣುತ್ತವೆ. ಇನ್ನೊಂದು, ಡಿಟಿಎಂ ಅನ್ನು 15-20 ಮೀಟರ್ ಸರಾಸರಿಯಿಂದ ನಯಗೊಳಿಸಿ, ಮೂಲದಿಂದ ಕಳೆಯುವುದು. ಬೆಟ್ಟದ ಇಳಿಜಾರು ಹೋಗಿ ಸಣ್ಣ ಉಬ್ಬುತಗ್ಗು ಮಾತ್ರ ಉಳಿಯುತ್ತದೆ. ಬಣ್ಣದ ವ್ಯಾಪ್ತಿಯನ್ನು ಇಡೀ ಹಾಳೆಗೆ ಬಿಡದೆ ಪರದೆಯಲ್ಲಿ ಕಾಣುವ ಭಾಗಕ್ಕೆ ಸೀಮಿತಗೊಳಿಸಿ. ‘ಏನೂ ಕಾಣುತ್ತಿಲ್ಲ’ ಅನ್ನುವ ದೂರುಗಳಲ್ಲಿ ಬಹುಪಾಲು ಈ ಒಂದು ಗುಂಡಿ ಒತ್ತದ್ದರಿಂದ ಬಂದದ್ದು.

1 ಮೀಟರ್ ದತ್ತಾಂಶದಲ್ಲಿ 3 ಮೀಟರ್ ಅಗಲದ ಬದು ಮೂರು ಪಿಕ್ಸೆಲ್. 60 ಸೆಂಟಿಮೀಟರ್ ದಪ್ಪದ ಗೋಡೆಯ ಬುಡ ಅದರಲ್ಲಿ ಕಾಣುವುದಿಲ್ಲ. ಇದರಿಂದ ಸಿಗುವುದು ನಿವೇಶನ, ದಾರಿ, ಹೊಲದ ವಿನ್ಯಾಸ. ಮನೆಯ ಒಳವಿವರಕ್ಕೆ ನೆಲದ ಮೇಲೇ ನಿಲ್ಲಬೇಕು.

ತಗ್ಗುದಾರಿ

ನೆಲದ ಮೇಲೆ ನಿಲ್ಲುವವರಿಗೆ: ಚಳಿಗಾಲ, ಕುರಿ ಮೇದು ಹುಲ್ಲು ಗಿಡ್ಡವಾದಾಗ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು. ಬೇಸಿಗೆಯ ನಡುಹಗಲಲ್ಲಿ ಹೋದರೆ ಬರೀ ಹುಲ್ಲುಗಾವಲು. ತದ್ವಿರುದ್ಧವಾಗಿ ತೀರ ಒಣ ಬೇಸಿಗೆಯಲ್ಲಿ ಹೂತ ಗೋಡೆಯ ಮೇಲಿನ ಹುಲ್ಲು ಮೊದಲು ಒಣಗಿ ಹಳದಿ ಗೆರೆ ಮೂಡುತ್ತದೆ, ಕಂದಕದ ಮೇಲಿನದು ಹಸಿರಾಗಿ ಉಳಿಯುತ್ತದೆ. 2018ರ ಬೇಸಿಗೆಯಲ್ಲಿ ಬ್ರಿಟನ್ನಿನ ತುಂಬ ಇಂಥ ಗೆರೆಗಳು ಎದ್ದವು. ಆಕಾಶದಿಂದ ನೋಡುವುದು ಹೊಸದೇನಲ್ಲ, ಲಿಂಕನ್‌ಷೈರಿನ ಗೇನ್ಸ್‌ಥಾರ್ಪ್ ಊರಿನ ಇಡೀ ವಿನ್ಯಾಸವನ್ನು ಓ. ಜಿ. ಎಸ್. ಕ್ರಾಫರ್ಡ್ 1925ರಲ್ಲೇ ವೈಮಾನಿಕ ಚಿತ್ರದಲ್ಲಿ ಹಿಡಿದಿದ್ದರು.

ಅಳೆಯುವುದಕ್ಕೆ ದುಬಾರಿ ಯಂತ್ರ ಬೇಕಂತಿಲ್ಲ. 30 ಮೀಟರ್ ಟೇಪನ್ನು ನೇರವಾಗಿ ಎಳೆದು ಎರಡೂ ತುದಿಗೆ ಗೂಟ ಹೊಡೆಯಿರಿ. ಅದರಿಂದ ಲಂಬವಾಗಿ ಎರಡನೆಯ ಟೇಪು ಹಿಡಿದು ಪ್ರತಿ ಇಳಿಜಾರಿನ ಮೇಲಂಚು, ಕೆಳಂಚು ಎರಡನ್ನೂ ಗುರುತು ಮಾಡಿ. 1:1000 ಅಥವಾ 1:500ರಲ್ಲಿ ಅಲ್ಲೇ ನಿಂತು ಬಿಡಿಸಿ, ಮನೆಗೆ ಹೋಗಿ ಬಿಡಿಸಬೇಡಿ. ಲಂಬ ಟೇಪು 10 ಮೀಟರ್ ದಾಟಿದರೆ ಕಣ್ಣಂದಾಜಿನ 90 ಡಿಗ್ರಿ ಕೆಡುತ್ತದೆ, ಆಗ ಆಧಾರ ಗೆರೆಯನ್ನೇ ಸರಿಸಿ. ಇಳಿಜಾರು ತೋರಿಸುವ ಹ್ಯಾಷೂರ್ ಗೆರೆಗಳ ದಪ್ಪ ತುದಿ ಮೇಲಕ್ಕೆ, ಚೂಪು ಬಾಲ ಕೆಳಕ್ಕೆ. ಹೊಸಬರು ಇದನ್ನು ತಿರುವುಮುರುವು ಮಾಡಿದರೆ ಬದು ಕಂದಕವಾಗಿಬಿಡುತ್ತದೆ.

ಮುಖ್ಯವಾದದ್ದು ಎರಡು ಗುರುತು ಕೂಡುವ ಜಾಗ. ಯಾವುದು ಯಾವುದನ್ನು ಕಡಿದಿದೆ, ಯಾವುದು ಯಾವುದರ ಮೇಲೆ ಹತ್ತಿದೆ ಅಂತ ಅಲ್ಲಿ ಮಂಡಿಯೂರಿ ನೋಡಿ. ಕಾಲಕ್ರಮ ಸಿಗುವುದು ಅಲ್ಲೇ.

ಎತ್ತುನೇಗಿಲು

ಆ ಕೂಡುವ ಜಾಗಕ್ಕೆ ಉಳುಮೆಯ ದಿಂಡುಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಮಧ್ಯ ಇಂಗ್ಲೆಂಡಿನ ಹುಲ್ಲುಗಾವಲಿನಲ್ಲಿ ಅಲೆಯಲೆಯಾಗಿ ಕಾಣುವುದು ಇದೇ. ನಮ್ಮ ಕಬ್ಬಿನ ಗದ್ದೆಯ ಬೋದುಗಳಷ್ಟು ಸಣ್ಣದು ಅಂದುಕೊಳ್ಳಬೇಡಿ, ಒಂದೊಂದು ದಿಂಡು 5ರಿಂದ 10 ಮೀಟರ್ ಅಗಲ. ಮಗುಚು ಹಲಗೆಯ ಭಾರದ ನೇಗಿಲು ಮಣ್ಣನ್ನು ಒಂದೇ ಬದಿಗೆ, ಬಲಕ್ಕೆ, ಹೊರಳಿಸುತ್ತದೆ. ಪಟ್ಟಿಯ ನಡುವಿನಿಂದ ಶುರುಮಾಡಿ ಸುತ್ತುತ್ತ ಹೋದರೆ ಪ್ರತಿ ವರ್ಷ ಮಣ್ಣು ನಡುಭಾಗಕ್ಕೆ ಸೇರಿ ದಿಂಡು ಏಳುತ್ತದೆ, ಎರಡು ಪಟ್ಟಿಗಳ ನಡುವೆ ಬಸಿಗಾಲುವೆ ಬೀಳುತ್ತದೆ.

ಮೇಲಿನಿಂದ ನೋಡಿದರೆ ಆ ದಿಂಡುಗಳು ನೇರ ಇಲ್ಲ, ತಿರುಗಿಸಿಟ್ಟ ಇಂಗ್ಲಿಷ್ ‘ಎಸ್’ನಂತೆ ಬಳುಕಿವೆ. ಎಂಟು ಎತ್ತಿನ ಉದ್ದನೆಯ ತಂಡವನ್ನು ತುದಿಯಲ್ಲಿ ತಿರುಗಿಸಲು ಮೊದಲೇ ಎಡಕ್ಕೆ ಎಳೆಯಬೇಕಿತ್ತು, ಆ ಬಳುಕು ನೆಲದಲ್ಲಿ ಉಳಿಯಿತು. ಎತ್ತು ತಿರುಗಿಸುವ ತುದಿಯಲ್ಲಿ ನೇಗಿಲಿನಿಂದ ಕೊಡವಿದ ಮಣ್ಣು ಸೇರಿ ಅಡ್ಡಬದು ಆಗುತ್ತದೆ. ಫರ್ಲಾಂಗ್ ಅಂದರೆ 220 ಗಜ, ಸುಮಾರು 201 ಮೀಟರ್. ಅಷ್ಟುದ್ದ, 22 ಗಜ ಅಗಲ ಸೇರಿದರೆ ಒಂದು ಎಕರೆ. ನೆಲದಲ್ಲಿ ಇದು ಅಚ್ಚುಕಟ್ಟಾಗಿ ಸಿಗುವುದಿಲ್ಲ, ನೆಲದ ಇಳಿಜಾರಿಗೆ ತಕ್ಕಂತೆ ಹೆಚ್ಚುಕಮ್ಮಿ.

ಈಗ ಕಾಲಕ್ರಮಕ್ಕೆ ಬನ್ನಿ. ದಿಂಡುಗಳು ಮನೆಕಟ್ಟೆಯ ಮೇಲೇ ಹಾದುಹೋಗಿದ್ದರೆ ಮನೆ ಮೊದಲು ಬಿದ್ದಿತ್ತು, ಆಮೇಲೆ ಉತ್ತರು. ನಿವೇಶನಗಳ ಪಕ್ಕದ ಬದುಗಳೇ ತಿರುಗುಮುರುಗು ಎಸ್‌ನಂತೆ ಬಳುಕಿದ್ದರೆ ಹೊಲದ ಪಟ್ಟಿಗಳನ್ನೇ ನಿವೇಶನ ಮಾಡಿ ಊರನ್ನು ಬೆಳೆಸಿದ್ದರು. ಮೊದಲನೆಯದು ಊರು ಕುಗ್ಗಿದ ಗುರುತು, ಎರಡನೆಯದು ಹಿಗ್ಗಿದ ಗುರುತು. ಎರಡೂ ಒಂದೇ ಊರಿನಲ್ಲಿ ಸಿಗಬಹುದು.

ಮೋಸಹೋಗುವುದು ಇಲ್ಲಿ: ಗೆರೆ ಎಳೆದಂತೆ ನೇರವಾಗಿ, ಕಿರಿದಾಗಿ ಇರುವ ದಿಂಡುಗಳು 19ನೇ ಶತಮಾನದವು ಇರಬಹುದು. ದಿಂಡಿನ ನೆತ್ತಿಯಲ್ಲೇ ಸಣ್ಣ ಕಾಲುವೆ ಇದ್ದರೆ ಅದು ಉಳುಮೆಯದ್ದಲ್ಲ, ಹುಲ್ಲು ಬೇಗ ಬೆಳೆಯಲಿ ಅಂತ 17ನೇ ಶತಮಾನದಿಂದೀಚೆಗೆ ನೀರು ಹಾಯಿಸಲು ಮಾಡಿದ ನೀರ್ಹುಲ್ಲುಗಾವಲು. ಉದ್ದನೆಯ ದಿಂಬಿನಾಕಾರದ ದಿಬ್ಬಗಳು ಮೊಲ ಸಾಕಲು ಕಟ್ಟಿದವು. ಗುಂಡನೆ ದಿಬ್ಬದ ನೆತ್ತಿಯಲ್ಲಿ ಅಡ್ಡಪಟ್ಟಿ ತಗ್ಗು ಇದ್ದರೆ ಗಾಳಿಗಿರಣಿಯ ಅಡಿಮರ ಹೂತ ಜಾಗ. ಇವನ್ನೆಲ್ಲ ಸಮಾಧಿ ದಿಬ್ಬ ಅಂತ ಬರೆದಿರುವ ಹಳೆಯ ನಕ್ಷೆಗಳಿವೆ.

ಕಡತಕಟ್ಟು

ಮೂರನೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಪ್ಲೇಗಿನ ಕಥೆ ತೀರ ಅಗ್ಗವಾಗಿ ಹರಡಿದೆ. 1348-49ರ ಮಹಾಮಾರಿಗೆ ಒಂದೇ ಏಟಿಗೆ ಇಡೀ ಊರು ಅಳಿದು, ಮತ್ತೆ ಜನ ಬಾರದೆ ಹೋದ ಉದಾಹರಣೆ ಬಹಳ ಕಡಿಮೆ. ಆಕ್ಸ್‌ಫರ್ಡ್‌ಷೈರಿನ ಟಸ್‌ಮೋರ್ ಅಂಥದ್ದು, 1358ರಲ್ಲಿ ಆ ಖಾಲಿ ನೆಲವನ್ನು ಬೇಲಿ ಹಾಕಿಕೊಳ್ಳಲು ಒಡೆಯನಿಗೆ ಪರವಾನಗಿ ಸಿಕ್ಕಿತು. ಇಂಗ್ಲೆಂಡಿನಲ್ಲಿ ಪತ್ತೆಯಾದ ಸುಮಾರು 3000 ಹಾಳೂರುಗಳಲ್ಲಿ ಹೆಚ್ಚಿನವು ಹಾಗಲ್ಲ.

ವಾರಂ ಪರ್ಸಿಯ ದಾಖಲೆ ಸಾಲಾಗಿ ಇಟ್ಟುನೋಡಿ. ರಾಜ ಜಮೀನು ಎಣಿಸಿ ಬರೆಸಿದ 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಹೆಸರಿದೆ. ಪ್ಲೇಗಿಗೂ ಮೊದಲೇ, 1323ರ ವಿಚಾರಣೆಯಲ್ಲಿ ಬಹಳಷ್ಟು ಜಮೀನು ಬೀಳುಬಿದ್ದದ್ದು ದಾಖಲಾಗಿದೆ. 1315-17ರ ಮಹಾಕ್ಷಾಮ, ಸ್ಕಾಟರ ದಾಳಿ ಅದರ ಹಿಂದಿದ್ದವು. ಆದರೆ ಪ್ಲೇಗು ಕಳೆದು ಸುಮಾರು 20 ವರ್ಷದ ಮೇಲೆ, 1368ರಲ್ಲಿ, ಅಲ್ಲಿ 30ರಷ್ಟು ಮನೆಗಳು! 1403ರಲ್ಲಿ ಪರ್ಸಿ ಮನೆತನ ಈ ಊರನ್ನು ಹಿಲ್ಟನ್ ಮನೆತನಕ್ಕೆ ಬದಲಿಗೆ ಕೊಟ್ಟಿತು. 1458ಕ್ಕೆ ಮನೆಗಳು 16. 1500ರ ಸುಮಾರಿಗೆ ಉಳಿದ ನಾಲ್ಕು ಒಕ್ಕಲನ್ನು ಎಬ್ಬಿಸಿ, ಮನೆ ಕೆಡವಿ, ನೆಲವನ್ನು ಕುರಿಗೆ ಬಿಟ್ಟರು. 1517ರಲ್ಲಿ ರಾಜನ ಮಂತ್ರಿ ವುಲ್ಸಿ ನಡೆಸಿದ ವಿಚಾರಣೆ ಇಂಥ ಎಬ್ಬಿಸುವಿಕೆಗಳನ್ನೇ ಕೆದಕಿತು. ಊರು ಸಾಯಲು ಒಂದೂವರೆ ಶತಮಾನಕ್ಕೂ ಹೆಚ್ಚು ಹಿಡಿಯಿತು.

ಪ್ಲೇಗಿಗೆ ಇದರಲ್ಲಿ ಪಾತ್ರ ಇಲ್ಲವೆಂದಲ್ಲ. ಜನ ಕಡಿಮೆಯಾಗಿ ಕೂಲಿ ಏರಿತು, ಒಳ್ಳೆಯ ಜಮೀನು ಬೇರೆ ಊರಲ್ಲಿ ಖಾಲಿ ಸಿಗುತ್ತಿತ್ತು, ಒಕ್ಕಲು ತಾವಾಗಿಯೇ ಎದ್ದುಹೋದರು. ಧಾನ್ಯಕ್ಕೆ ಬೆಲೆ ಇಲ್ಲ, ಉಣ್ಣೆಗೆ ಇತ್ತು. ಕೊನೆಯಲ್ಲಿ ಒಡೆಯ ಬಂದು ಉಳಿದವರನ್ನು ಎಬ್ಬಿಸಿದ. ಲೆಸ್ಟರ್‌ಷೈರಿನ ಇಂಗರ್ಸ್‌ಬಿಯನ್ನು 1469ರಲ್ಲಿ ಲೆಸ್ಟರ್ ಮಠವೇ ಬೇಲಿ ಹಾಕಿಕೊಂಡಿತು.

ದಾಖಲೆ ಓದುವವರಿಗೆ ಎರಡು ಎಚ್ಚರಿಕೆ. ಡೂಮ್ಸ್‌ಡೇಯಲ್ಲಿ ಹೆಸರಿರುವುದು ಜಮೀನು ಹಿಡುವಳಿಗೆ. ಅಲ್ಲಿ ಒತ್ತೊತ್ತಾಗಿ ಮನೆಗಳಿದ್ದ ಊರಿತ್ತು ಅಂತ ಅದರಿಂದ ಹೇಳಲಾಗದು. ಎಣಿಸಿರುವುದೂ ಮನೆಯ ಯಜಮಾನರನ್ನು, ಜನಸಂಖ್ಯೆಗೆ 4-5ರಿಂದ ಗುಣಿಸಬೇಕು. 1377ರ ತಲೆಗಂದಾಯ 14 ದಾಟಿದವರ ಮೇಲೆ ತಲಾ 4 ಪೆನ್ಸ್, ಅದರ ಮೊತ್ತವನ್ನು 4ರಿಂದ ಭಾಗಿಸಿದರೆ ತಲೆ ಸಿಗುತ್ತದೆ, ಆದರೆ ತಪ್ಪಿಸಿಕೊಂಡವರು ಲೆಕ್ಕದಲ್ಲಿಲ್ಲ. 1334ರ ತೆರಿಗೆ ಪಟ್ಟಿ, 1377ರದ್ದು, ಹತ್ತಕ್ಕಿಂತ ಕಡಿಮೆ ಮನೆಗಳಿದ್ದ ಚರ್ಚು ವ್ಯಾಪ್ತಿಗಳನ್ನು, ಅಂದರೆ ಪ್ಯಾರಿಷ್‌ಗಳನ್ನು ಹೆಸರಿಸುವ 1428ರದ್ದು, ಈ ಮೂರನ್ನೂ ಪಕ್ಕಪಕ್ಕ ಇಟ್ಟರೆ ಊರು ಕುಗ್ಗಿದ ವೇಗ ತಿಳಿಯುತ್ತದೆ.

ಬೋಕಿಬಿಲ್ಲೆ

ಕಡತಕಟ್ಟು ಅವರು ಕಾಗದದಿಂದ ಹೇಳಿದ್ದನ್ನು ಮಡಕೆ ಚೂರು ಇನ್ನೊಂದು ದಿಕ್ಕಿನಿಂದ ತೋರಿಸುತ್ತದೆ. ಇದು ಹಾಳೂರುಗಳ ಕಥೆಯಷ್ಟೇ ಅಲ್ಲ. ಇವತ್ತಿಗೂ ಜನ ಇರುವ ಊರುಗಳ ಹಿತ್ತಲುಗಳಲ್ಲಿ 1 ಮೀಟರ್ ಚದರದ ಪರೀಕ್ಷಾ ಗುಂಡಿ ತೋಡಿಸಿದ ಪುರಾತತ್ವಜ್ಞೆ ಕರೆಂಜಾ ಲೂಯಿಸ್ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೂರ್ವ ಇಂಗ್ಲೆಂಡಿನ 55 ಊರುಗಳು, 2000ದಷ್ಟು ಗುಂಡಿಗಳು. 14ನೇ ಶತಮಾನದ ನಂತರ ಮಡಕೆ ಚೂರು ಸಿಗುವ ಗುಂಡಿಗಳು ಸುಮಾರು 45 ಶೇಕಡಾ ಇಳಿದಿದ್ದವು. ಪ್ಲೇಗಿನ ಪೆಟ್ಟು ಅಳಿದ ಊರಿಗಿಂತ ಉಳಿದ ಊರಿನಲ್ಲೇ ಹೆಚ್ಚು ಸ್ಪಷ್ಟ.

ಗುಂಡಿಯ ಕ್ರಮ: ಹುಲ್ಲುಹೆಪ್ಪೆಯನ್ನು ಚೌಕ ಕತ್ತರಿಸಿ ಒಂದು ಬದಿ, ಮಣ್ಣನ್ನು ಇನ್ನೊಂದು ಬದಿ ಹಾಳೆಯ ಮೇಲೆ. 10 ಸೆಂಟಿಮೀಟರಿಗೆ ಒಂದು ಪದರ, ಪ್ರತಿ ಪದರದ ಚೂರಿಗೂ ಬೇರೆ ಚೀಲ. ಎಲ್ಲ ಮಣ್ಣೂ 10 ಮಿಲಿಮೀಟರ್ ಜರಡಿಯಲ್ಲಿ ಹಾಯಬೇಕು. ಕೆಲವರು ಜರಡಿ ಹಿಡಿದು ಕೆಲವರು ಹಿಡಿಯದೆ ಹೋದರೆ ಗುಂಡಿಗೆ ಗುಂಡಿ ಹೋಲಿಸುವಂತೆಯೇ ಇಲ್ಲ, ಇಡೀ ಲೆಕ್ಕ ಹಾಳು. ಗೋಡೆ, ಒಲೆ, ಎಲುಬಿನ ಜೋಡಣೆ ಸಿಕ್ಕರೆ ಅಲ್ಲೇ ನಿಲ್ಲಿಸಿ.

ಯಾರ್ಕ್‌ಷೈರ್ ವೋಲ್ಡ್ಸ್ (ವಾರಂ ಪರ್ಸಿ ಇರುವ ಗುಡ್ಡಸೀಮೆ) ಕಡೆ ಕಾಲ ಹೇಳುವ ಚೂರುಗಳು: ಮರಳುಮರಳಾದ ಒರಟು ಸ್ಟ್ಯಾಕ್ಸ್‌ಟನ್ ಮಡಕೆ ಸಿಕ್ಕರೆ ಊರು ತುಂಬಿದ್ದ ಕಾಲ, 12ರಿಂದ 14ನೇ ಶತಮಾನ. ಹಂಬರ್ ಮಡಕೆ ಅದರ ನಂತರದ ಕಾಲಕ್ಕೂ ಬರುತ್ತದೆ. ಕಡುಕಂದು ಹೊಳಪಿನ ತೆಳು ಸಿಸ್ಟರ್ಶಿಯನ್ ಲೋಟದ ಚೂರು ಬಂದರೆ 15ನೇ ಶತಮಾನದ ಕೊನೆಗೆ ಬಂದಿರಿ. ಇಡೀ ಟಾಫ್ಟಿನಲ್ಲಿ ಅದರ ಒಂದು ಚೂರೂ ಇಲ್ಲದಿದ್ದರೆ ಆ ಮನೆ ಅದಕ್ಕೂ ಮೊದಲೇ ಖಾಲಿಯಾಗಿದ್ದಿರಬೇಕು. ಆದರೆ ಒಂದೇ ಮನೆಯ ಖಾಲಿತನವನ್ನು ಊರಿಗೆಲ್ಲ ಹಚ್ಚಬೇಡಿ. ಒಂದೊಂದು ಟಾಫ್ಟಿಗೂ ಅದರದ್ದೇ ಕೊನೆಯ ದಿನ ಇರುತ್ತದೆ.

ಚೂರಿನ ಅಂಚು ಕೂಡ ನೋಡಿ. ಹರಿತವಾಗಿದ್ದರೆ ಅಲ್ಲೇ ಒಡೆದದ್ದು. ಉರುಟಾಗಿ ಸವೆದು ಉಗುರಿನಷ್ಟಾಗಿದ್ದರೆ ತಿಪ್ಪೆಗೊಬ್ಬರದ ಜೊತೆ ಹೊಲಕ್ಕೆ ಹೋಗಿ ನೇಗಿಲಿಗೆ ಸಿಕ್ಕಿದ್ದು. ಹೊಲದ ತುಂಬ ಸವೆದ ಚೂರು ಕಂಡು ಇಲ್ಲಿ ಊರಿತ್ತು ಅಂದವರು ಬಹಳ ಜನ.

ಸುಣ್ಣದಕಲ್ಲು

ಬೋಕಿಬಿಲ್ಲೆ ಅವರ ಕೊನೆಯ ಮಾತಿಗೆ ಪೂರಕ: ವಾರಂ ಪರ್ಸಿಯ ಮನೆಗಳ ಒಳಗೆ ಚೂರು ಕಡಿಮೆ. ನೆಲವನ್ನು ಎಷ್ಟು ಗುಡಿಸಿದ್ದಾರೆಂದರೆ ನಡುಭಾಗ ತಟ್ಟೆಯಂತೆ ತಗ್ಗಾಗಿದೆ, ಒಂದರ ಮೇಲೊಂದು ನೆಲದ ಪದರಗಳೇ ಉಳಿದಿಲ್ಲ. ಕಸವೆಲ್ಲ ತಿಪ್ಪೆಗೆ, ಅಲ್ಲಿಂದ ಹೊಲಕ್ಕೆ.

ಅದೇ ಮನೆಗಳ ಬಗ್ಗೆ ಒಂದು ದೊಡ್ಡ ತೀರ್ಮಾನ ತಿದ್ದಬೇಕಾಯಿತು. ಸೀಮೆಸುಣ್ಣದ ಕಲ್ಲಿನ ಗೋಡೆಬುಡಗಳು ತೆಳ್ಳಗೆ, ಒಂದಕ್ಕೊಂದು ಓರೆಯಾಗಿ ಸಿಕ್ಕವು. ಮನೆಗಳು ಹುರುಳಿಲ್ಲದವು, ತಲೆಮಾರಿಗೊಮ್ಮೆ ಬಿದ್ದು ಹೊಸದಾಗಿ ಕಟ್ಟುತ್ತಿದ್ದರು ಅಂತ ಬಹುಕಾಲ ಬರೆದರು. 1989ರಲ್ಲಿ ಪುರಾತತ್ವಜ್ಞ ಸ್ಟುವರ್ಟ್ ರಾಥ್‌ಮೆಲ್ ಅದೇ ನಕ್ಷೆಗಳನ್ನು ಇನ್ನೊಂದು ಕಣ್ಣಿಂದ ಓದಿದರು. ಛಾವಣಿಯ ಭಾರ ಗೋಡೆಯ ಮೇಲೆ ಇರಲೇ ಇಲ್ಲ. ನೆಲದಿಂದ ನೆತ್ತಿಯವರೆಗೆ ಬಾಗಿದ ಜೋಡಿ ಮರದ ತೊಲೆಗಳು, ಕ್ರಕ್‌ಗಳು, ಭಾರ ಹೊರುತ್ತಿದ್ದವು, ಅವು ನಿಲ್ಲುತ್ತಿದ್ದುದು ಅಡಿಗಲ್ಲುಗಳ ಮೇಲೆ. ಗೋಡೆ ಬರೀ ಮರೆ. ಗೋಡೆ ಹತ್ತು ಸಲ ಬದಲಾದರೂ ಚೌಕಟ್ಟು ಅದೇ. ಹಾಗಾಗಿ ಮನೆ ನೂರಾರು ವರ್ಷ ನಿಂತಿರಬಹುದು.

ಅಗೆಯುವವರಿಗೆ ಇದರ ಅರ್ಥ ಏನು? ಗೋಡೆಯ ಸಾಲಿನಲ್ಲಿ ಸುಮಾರು 4.5-5 ಮೀಟರಿಗೊಂದರಂತೆ, ಎದುರುಬದುರಾಗಿ ಕೂತ ಚಪ್ಪಟೆ ದೊಡ್ಡ ಕಲ್ಲುಗಳಿಗಾಗಿ ಹುಡುಕಿ. ‘ಬಿದ್ದ ಕಲ್ಲು’ ಅಂತ ಮೊದಲೇ ಎತ್ತಿಬಿಟ್ಟರೆ ಮನೆಯ ಅಸ್ಥಿಪಂಜರವೇ ಹೋಯಿತು.

ನಕಾಶೆಮನೆ

ಅಗೆಯದೆ ಗೋಡೆ, ಒಲೆ ಪತ್ತೆಮಾಡುವ ಯಂತ್ರಗಳ ಬಗ್ಗೆ ಯಾರಾದರೂ ಹೇಳಿ. ಮ್ಯಾಗ್ನೆಟೋಮೀಟರ್ ಒಂದಿದ್ದರೆ ಸಾಕೇ?

ನೆರಳುಬೆಳಕು

ಸಾಲದು. ಅದು ನೆಲದ ಕಾಂತಗುಣದ ವ್ಯತ್ಯಾಸ ಅಳೆದು ಸುಟ್ಟ ಮಣ್ಣು, ಒಲೆ, ಕುಲುಮೆ, ಧಾನ್ಯ ಒಣಗಿಸುವ ಗೂಡು, ಮೇಲ್ಮಣ್ಣು ತುಂಬಿದ ಕಂದಕಗಳನ್ನು ಹಿಡಿಯುತ್ತದೆ. ಸೀಮೆಸುಣ್ಣದ ಗೋಡೆ ಅದಕ್ಕೆ ಬಹಳ ಮಸುಕು. ಗೋಡೆಗೆ ವಿದ್ಯುತ್ ಪ್ರತಿರೋಧ ಅಳೆಯುವ ಯಂತ್ರ ಬೇಕು.

20 ಮೀಟರ್ ಚೌಕ ಹಾಕಿಕೊಳ್ಳಿ. ಗ್ರೇಡಿಯೋಮೀಟರನ್ನು (ಮ್ಯಾಗ್ನೆಟೋಮೀಟರಿನದೇ ಒಂದು ಬಗೆ) 1 ಮೀಟರ್ ಅಂತರದ ಸಾಲುಗಳಲ್ಲಿ ನಡೆಸಿ, 25 ಸೆಂಟಿಮೀಟರಿಗೊಂದು ಅಳತೆ ತೆಗೆದರೆ ಚೌಕಕ್ಕೆ 1600 ಅಳತೆ. ಬೆಲ್ಟಿನ ಬಕಲ್, ಫೋನು, ಕಬ್ಬಿಣದ ಮೊನೆಯ ಬೂಟು ಒಂದೂ ಮೈಮೇಲೆ ಇರಬಾರದು. ತಂತಿಬೇಲಿಯಿಂದ ದೂರ ಇರಿ. ಬಿಸಿಲೇರಿದಂತೆ ಸಂವೇದಕ ಜಾರುತ್ತದೆ, ಒಂದೇ ಶುದ್ಧ ಜಾಗಕ್ಕೆ ಮರಳಿ ಬಂದು ಶೂನ್ಯಕ್ಕೆ ತರುತ್ತಿರಿ. ಹೋಗುತ್ತ ಬರುತ್ತ ನಡೆದರೆ ಸಾಲುಗಳು ಹಲ್ಲುಹಲ್ಲಾಗಿ ಸರಿದು ಕಾಣುತ್ತವೆ. ಅದು ನಡಿಗೆಯ ವೇಗದ ದೋಷ, ನೆಲದ್ದಲ್ಲ.

ಪ್ರತಿರೋಧಕ್ಕೆ ಅರ್ಧ ಮೀಟರ್ ಅಂತರದ ಜೋಡಿ ಸಲಾಕೆ, 1 ಮೀಟರಿಗೊಂದು ಅಳತೆ, ಚೌಕಕ್ಕೆ 400. ಸಿಗುವ ಆಳ ಸುಮಾರು ಅರ್ಧದಿಂದ ಮುಕ್ಕಾಲು ಮೀಟರ್. ದೂರದಲ್ಲಿ ಕದಲದಂತೆ ನೆಟ್ಟ ಸಲಾಕೆಗಳು ಚಲಿಸುವ ಸಲಾಕೆಗಳಿಂದ ಕಡಿಮೆಯೆಂದರೂ 15 ಮೀಟರ್ ಆಚೆ ಇರಬೇಕು, ಹತ್ತಿರವಾದರೆ ಚೌಕದ ಒಂದು ಮೂಲೆ ಸುಳ್ಳು ಹೇಳುತ್ತದೆ. ತೀರ ಒಣಗಿದ ನೆಲ, ತೀರ ನೆನೆದ ನೆಲ ಎರಡರಲ್ಲೂ ಗೋಡೆ ಮತ್ತು ಮಣ್ಣಿನ ವ್ಯತ್ಯಾಸ ಅಳಿಯುತ್ತದೆ. ಕಲ್ಲು ಕಿತ್ತೊಯ್ದ ಗೋಡೆ ಕೂಡ ಗೆರೆಯಾಗಿ ಬರುತ್ತದೆ, ಆದರೆ ಹೆಚ್ಚಿನ ಪ್ರತಿರೋಧದ ಬದಲು ಕಡಿಮೆಯದಾಗಿ.

ಎಲುಬುಗೂಡು

ಚರ್ಚು ಬಿಟ್ಟುಹೋಯಿತಲ್ಲ. ವಾರಂ ಪರ್ಸಿಯಲ್ಲಿ ಊರು ಕುಗ್ಗಿದ್ದನ್ನು ನಿಂತ ಕಟ್ಟಡದಲ್ಲಿ ನೋಡಬಹುದು. ಸೇಂಟ್ ಮಾರ್ಟಿನ್ ಚರ್ಚಿಗೆ ಜನ ಹೆಚ್ಚಿದಾಗ ಪಕ್ಕದ ಹಜಾರಗಳನ್ನು ಸೇರಿಸಿದರು, ಕಡಿಮೆಯಾದಾಗ ಅವನ್ನು ಕೆಡವಿ ಕಮಾನುಗಳನ್ನು ಕಲ್ಲಿನಿಂದ ಮುಚ್ಚಿದರು. ಮುಚ್ಚಿದ ಕಮಾನುಗಳು ಇವತ್ತೂ ಗೋಡೆಯಲ್ಲಿ ಕಾಣುತ್ತವೆ. ಊರು ಹೋದ ಮೇಲೂ ಪಕ್ಕದ ಥಿಕ್ಸೆನ್‌ಡೇಲ್ ಜನರಿಗೆ ಅದೇ ಚರ್ಚು, 1870ರಲ್ಲಿ ಅವರದ್ದೇ ಚರ್ಚು ಆಗುವವರೆಗೆ. ಗೋಪುರದ ಅರ್ಧ 1959ರಲ್ಲಿ ಕುಸಿಯಿತು.

ಚರ್ಚಿನ ಅಗೆತದಲ್ಲಿ 700ರ ಹತ್ತಿರ ಅಸ್ಥಿಪಂಜರಗಳು ಸಿಕ್ಕವು. ಹಳ್ಳಿಗರ ಆರೋಗ್ಯದ ಬಗ್ಗೆ ಇಷ್ಟು ಒಳ್ಳೆಯ ಸಂಗ್ರಹ ಅಪರೂಪ. ತಲೆಗೆ ಪೆಟ್ಟುಬಿದ್ದ ಒಬ್ಬನ ಬುರುಡೆಯ ಮೂಳೆ ತೆಗೆದು ಶಸ್ತ್ರಚಿಕಿತ್ಸೆ ಮಾಡಿದ್ದರು, ಅಂಚು ಕೂಡಿಕೊಂಡಿದೆ. ಮನುಷ್ಯ ಬದುಕಿದ್ದ!

ಇನ್ನೊಂದು ಗುಂಪು ಎಲುಬು ಚರ್ಚಿನಲ್ಲಿ ಅಲ್ಲ, ಮನೆಗಳ ನಡುವಿನ ಗುಂಡಿಯಲ್ಲಿ ಸಿಕ್ಕಿದ್ದು. 137 ತುಂಡುಗಳು, ಕನಿಷ್ಠ 10 ಜನರವು, ಸುಟ್ಟವು, ಕತ್ತರಿಸಿದವು. 2017ರಲ್ಲಿ ಸರ್ಕಾರದ ಪರಂಪರೆ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್ ಮತ್ತು ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಅಧ್ಯಯನ ಪ್ರಕಟಿಸಿದಾಗ ಪತ್ರಿಕೆಗಳು ‘ಸತ್ತವರು ಎದ್ದುಬಂದಾರೆಂಬ ಭಯ’ ಅಂತ ಬರೆದವು. ಆ ತೀರ್ಮಾನಕ್ಕೆ ಹೋದ ದಾರಿ ನೋಡಿ. ಹೊರಗಿನವರನ್ನು ಕೊಂದದ್ದಿರಬಹುದೇ? ಬೆಳೆದ ನೆಲದ ಗುರುತು ಹೊತ್ತಿರುವ ಹಲ್ಲಿನ ಸ್ಟ್ರಾಂಷಿಯಂ ಸ್ಥಳೀಯರದ್ದೇ ಅಂದಿತು. ಹಸಿವಿಗೆ ತಿಂದದ್ದೇ? ಮಾಂಸಕ್ಕಾದರೆ ಕತ್ತಿಯ ಗುರುತು ದೊಡ್ಡ ಕೀಲು, ಸ್ನಾಯುಗಳ ಹತ್ತಿರ ಇರಬೇಕು, ಇಲ್ಲಿ ತಲೆ ಮತ್ತು ಕುತ್ತಿಗೆಯ ಸುತ್ತ ಗುಂಪಾಗಿವೆ. ಎಲುಬುಗಳ ಕಾಲ 11ರಿಂದ 14ನೇ ಶತಮಾನದವರೆಗೆ ಹರಡಿರುವುದರಿಂದ ಒಂದೇ ಘಟನೆಯೂ ಅಲ್ಲ. ಸತ್ತವರು ಏಳದಂತೆ ಹೆಣ ಕತ್ತರಿಸಿ ಸುಟ್ಟರು ಅನ್ನುವ ವಿವರಣೆ ಉಳಿದವುಗಳಿಗಿಂತ ಹೆಚ್ಚು ಹೊಂದುತ್ತದೆ ಅಂದರು, ಅಷ್ಟೇ. ಸಾಬೀತಾಯಿತು ಅನ್ನಲಿಲ್ಲ.

ಬೀಳುಹೊಲ

ನಮ್ಮ ಕಂದಾಯ ದಾಖಲೆಗಳಲ್ಲಿ ಬೇಚಿರಾಖ್, ಅಂದರೆ ಜನವಸತಿ ಇಲ್ಲದ್ದು, ಅಂತ ಬರೆದಿರುವ ಊರುಗಳಿಗೆ ಈ ಲೈಡಾರ್, ಬದು ಓದುವ ವಿದ್ಯೆ ನಡೆಯುತ್ತದೆಯೇ?

ತಗ್ಗುದಾರಿ

ಬದು ಓದುವುದು ಕಷ್ಟ. ವಾರಂ ಪರ್ಸಿಯ ಬದುಗಳು ಉಳಿದದ್ದು 500 ವರ್ಷ ಅಲ್ಲಿ ಹುಲ್ಲು, ಕುರಿ ಬಿಟ್ಟು ಬೇರೇನೂ ಇಲ್ಲದ್ದರಿಂದ. ಬಯಲುಸೀಮೆಯ ಬೇಚಿರಾಖ್ ನೆಲವನ್ನು ವರ್ಷಾವರ್ಷ ಉಳುತ್ತಾರೆ, ಹಾಳುಮಣ್ಣನ್ನು ಗೊಬ್ಬರಕ್ಕೆ ಹೊತ್ತೊಯ್ಯುತ್ತಾರೆ. ಅಲ್ಲಿ ಕೆಲಸಕ್ಕೆ ಬರುವುದು ಗ್ರಾಮನಕ್ಷೆ, ಊರಿಲ್ಲದ ಗುಡಿ, ಶಾಸನ, ಹಗೇವುಗಳು. ಉತ್ತಹೊಲದಲ್ಲಿ ಚೂರಿನ ದಟ್ಟಣೆ ಎಣಿಸುವ ಕ್ರಮ ಮಾತ್ರ ಎರಡೂ ಕಡೆ ಒಂದೇ: ಉತ್ತು, ಒಂದೆರಡು ಮಳೆ ಬಿದ್ದು ಮಣ್ಣು ತೊಳೆದ ಮೇಲೆ, 10-20 ಮೀಟರ್ ಅಂತರದ ಸಾಲುಗಳಲ್ಲಿ ನಡೆಯುವುದು.

ಕಡತಕಟ್ಟು

ಇಂಗ್ಲೆಂಡಿನಲ್ಲಿರುವ ನಮ್ಮವರು ಹೊಲಕ್ಕೆ ಇಳಿಯುವ ಮುನ್ನ ಕಾನೂನು ನೋಡಿಕೊಳ್ಳಿ. ಜಮೀನು ಮಾಲೀಕನ ಅನುಮತಿ ಬೇಕೇ ಬೇಕು. ಹಾಳೂರು ರಕ್ಷಿತ ಸ್ಮಾರಕವಾಗಿದ್ದರೆ ಅದಷ್ಟೇ ಸಾಲದು. 1979ರ ಕಾಯ್ದೆಯ 42ನೇ ಕಲಮಿನ ಪ್ರಕಾರ ಅಲ್ಲಿ ಹಿಸ್ಟಾರಿಕ್ ಇಂಗ್ಲೆಂಡಿನ ಪರವಾನಗಿ ಇಲ್ಲದೆ ಲೋಹಶೋಧಕ ಆಡಿಸುವುದು ಅಪರಾಧ, ಮ್ಯಾಗ್ನೆಟೋಮೀಟರ್ ಮತ್ತು ಪ್ರತಿರೋಧ ಯಂತ್ರಕ್ಕೂ ಅದೇ ಪರವಾನಗಿ. ಗುಂಡಿ ತೋಡಲು ಬೇರೆಯದೇ ಒಪ್ಪಿಗೆ. ರಕ್ಷಿತವೋ ಅಲ್ಲವೋ ಅಂತ ನ್ಯಾಷನಲ್ ಹೆರಿಟೇಜ್ ಲಿಸ್ಟಿನ ನಕ್ಷೆಯಲ್ಲಿ ಗಡಿಯ ಸಮೇತ ನೋಡಬಹುದು. ಗಡಿ ಕೆಲವೊಮ್ಮೆ ಮನೆಕಟ್ಟೆಗಳನ್ನು ಒಳಗಿಟ್ಟುಕೊಂಡು ಕ್ರಾಫ್ಟುಗಳನ್ನು ಹೊರಗೆ ಬಿಟ್ಟಿರುತ್ತದೆ, ಬೇಲಿಯನ್ನೇ ಗಡಿ ಅಂದುಕೊಳ್ಳಬೇಡಿ. ನಿಧಿ ಅನ್ನಿಸಿಕೊಳ್ಳುವ ವಸ್ತು ಸಿಕ್ಕರೆ 1996ರ ಕಾಯ್ದೆಯಂತೆ 14 ದಿನದೊಳಗೆ ಕರೋನರಿಗೆ, ಅಂದರೆ ಇಂಥವನ್ನು ವಿಚಾರಿಸುವ ಅಧಿಕಾರಿಗೆ, ತಿಳಿಸಬೇಕು.

ಅಳತೆ ನಕ್ಷೆ ಮಾಡಿದವರು ಅದರ ಒಂದು ಪ್ರತಿಯನ್ನು ಆ ಕೌಂಟಿಯ ಪರಂಪರೆ ದಾಖಲೆ ಕಚೇರಿಗೆ ಕೊಡಿ. ಗ್ರಿಡ್ ನಿರ್ದೇಶಾಂಕ, ಅಳತೆಯ ದಿನಾಂಕ, ಹುಲ್ಲಿನ ಎತ್ತರ, ಆಧಾರ ಗೂಟಗಳು ಎಲ್ಲಿದ್ದವು ಅನ್ನುವುದು ಅದರಲ್ಲಿ ಇರಲಿ. ಆ ಹೊಲ ಮುಂದೆ ಉಳುಮೆಗೆ ಹೋದರೆ ಉಳಿಯುವುದು ಆ ಹಾಳೆ ಮಾತ್ರ.